ಮಂಗಳ ಹಾಡದ ಕಥೆ

2020ರ ಮಾರ್ಚ್ ಮೂರನೇ ವಾರದ ಹೊತ್ತಿಗೆ ಕನ್ನಡ ಧಾರಾವಾಹಿಗಳ ಚಿತ್ರೀಕರಣ ನಿಂತಿತು. ದಿನದ ಧಾರಾವಾಹಿಯನ್ನು ಸಿನಿಮಾದ ಹಾಗೆ ಪೂರ್ತಿ ಮುಗಿಸಿಟ್ಟುಕೊಂಡು ತೋರಿಸುವುದಿಲ್ಲ. ಇವತ್ತು ಶೂಟ್ ಆದದ್ದು ಕೆಲವೇ ದಿನಗಳಲ್ಲಿ ಮನೆಮನೆಗೆ ಬಂದಿರುತ್ತದೆ. ಕೈಯಲ್ಲಿ ಮಿಕ್ಕಿರುವ ಕಂತುಗಳಿಗೆ ಆ ಕಸುಬಿನವರು ಬ್ಯಾಂಕಿಂಗ್ ಎನ್ನುತ್ತಾರೆ. ಲಾಕ್‌ಡೌನ್ ಶುರುವಾದ ಮೇಲೆ ಆ ಬ್ಯಾಂಕಿಂಗ್ ಬಹಳ ದಿನ ಬರಲಿಲ್ಲ. ಹಳೆಯ ಕಂತುಗಳು ಮತ್ತೆ ಸುತ್ತತೊಡಗಿದವು. ಮಾರ್ಚ್ 28ರಿಂದ ದೂರದರ್ಶನ ರಮಾನಂದ ಸಾಗರರ ರಾಮಾಯಣವನ್ನೇ ಪೆಟ್ಟಿಗೆಯಿಂದ ತೆಗೆದು ತೋರಿಸಿತು, ಇಡೀ ದೇಶ ಕೂತು ನೋಡಿತು. ಮೇ ತಿಂಗಳಲ್ಲಿ ಒಳಾಂಗಣ ಚಿತ್ರೀಕರಣಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಜೂನ್ ಹೊತ್ತಿಗೆ ಒಂದೊಂದೇ ಧಾರಾವಾಹಿ ಹೊಸ ಕಂತಿನೊಂದಿಗೆ ಮರಳಿತು. ಮರಳದೆ ಉಳಿದವುಗಳಲ್ಲಿ ಕಲರ್ಸ್ ಸೂಪರ್ ವಾಹಿನಿಯ ‘ಮಗಳು ಜಾನಕಿ’ಯೂ ಒಂದು.

ಟಿ.ಎನ್. ಸೀತಾರಾಮ್ ಧಾರಾವಾಹಿಗಳನ್ನು ನೋಡುವವರದೇ ಒಂದು ಪಂಗಡ. 1998ರಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರ ಜೊತೆಗೂಡಿ ಅವರು ದೂರದರ್ಶನಕ್ಕೆ ಮಾಡಿದ ‘ಮಾಯಾಮೃಗ’ದಿಂದ ಬಂದ ನಂಟು ಅದು. ಆಮೇಲೆ ಮನ್ವಂತರ, ಮುಕ್ತ, ಮುಕ್ತ ಮುಕ್ತ, ಮಹಾಪರ್ವ. ಎಲ್ಲದರ ಹೆಸರೂ ‘ಮ’ದಿಂದಲೇ ಶುರು. ಅಲ್ಲಿ ಮಲಗುವಾಗಲೂ ಕಾಸಿನ ಸರ ತೊಟ್ಟ ಅತ್ತೆಯರಿರಲಿಲ್ಲ, ಒಂದು ಕೆನ್ನೆಯೇಟಿಗೆ ಕ್ಯಾಮೆರಾ ಮೂರು ಸಲ ತಿರುಗುತ್ತಿರಲಿಲ್ಲ. ಸರ್ಕಾರಿ ಕಚೇರಿ, ಸಾಲ, ಚುನಾವಣೆ, ಆಸ್ತಿ ಜಗಳ, ಕೊನೆಗೊಂದು ಕೋರ್ಟು. ಕಾನೂನು ಓದಿದ ನಿರ್ದೇಶಕರೇ ಕರಿಕೋಟು ತೊಟ್ಟು ಸಿಎಸ್‌ಪಿ ಎಂಬ ವಕೀಲರಾಗಿ ಪಾಟೀಸವಾಲಿಗೆ ನಿಂತರೆಂದರೆ ನೋಡುವವರ ಮನೆಯಲ್ಲಿ ತಟ್ಟೆಯ ಸದ್ದೂ ಕೇಳುತ್ತಿರಲಿಲ್ಲ. ‘ಮುಕ್ತ ಮುಕ್ತ’ದ ದಿನಗಳಲ್ಲಿ ಅವರು ಊರೂರಿಗೆ ಹೋಗಿ ಪ್ರೇಕ್ಷಕರೊಂದಿಗೆ ಸಂವಾದ ನಡೆಸುತ್ತಿದ್ದರು. ಧಾರಾವಾಹಿ ನೋಡುವವರನ್ನು ಎದುರು ಕೂರಿಸಿಕೊಂಡು, ನಿಮಗೇನನ್ನಿಸುತ್ತದೆ ಎಂದು ಕೇಳಿದವರು ನಮ್ಮಲ್ಲಿ ಹೆಚ್ಚು ಮಂದಿಯಿಲ್ಲ. ‘ಮಗಳು ಜಾನಕಿ’ 2018ರಲ್ಲಿ ಶುರುವಾಯಿತು. ಗಾನವಿ ಲಕ್ಷ್ಮಣ್ ಜಾನಕಿಯಾಗಿ ಬಂದರು. ಎರಡು ವರ್ಷ ತುಂಬುವ ಮೊದಲೇ, ಕಥೆ ಅರ್ಧದಲ್ಲಿರುವಾಗಲೇ, ಎಲ್ಲ ನಿಂತುಹೋಯಿತು.

ಶಿವಮೊಗ್ಗದಲ್ಲಿ ನಮ್ಮ ದೊಡ್ಡಮ್ಮ ಒಬ್ಬರೇ ಇರುತ್ತಾರೆ. ಶೀರ್ಷಿಕೆ ಗೀತೆ ಬರುವುದರೊಳಗೆ ಮಜ್ಜಿಗೆ ಅನ್ನ ಮುಗಿಸಿ, ತಟ್ಟೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕೂರುವವರು. ಜಾಹೀರಾತು ಬಂತೆಂದರೆ ಸದ್ದು ಅಡಗಿಸುತ್ತಾರೆ. ಆ ಮೂರು ನಿಮಿಷದಲ್ಲಿ ಅಡುಗೆಮನೆಯ ದೀಪ ಆರಿಸಿ, ಹಾಲಿಗೆ ಹೆಪ್ಪು ಹಾಕಿ ವಾಪಸು. ಆ ಬೇಸಿಗೆಯಲ್ಲಿ ಒಂದು ದಿನ ಫೋನ್ ಮಾಡಿದರು.

“ಅಲ್ಲ ಕಣೋ, ಜಾನಕಿ ಕಥೆ ಏನಾಯ್ತು ಅಂತ ನಿಂಗೇನಾದ್ರೂ ಗೊತ್ತಾ?”

“ನಿಂತೋಯ್ತಂತೆ ದೊಡ್ಡಮ್ಮ.”

“ನಿಂತಿದ್ದು ನಂಗೂ ಗೊತ್ತು. ಅವಳಿಗೇನಾಯ್ತು ಅಂತ ಕೇಳ್ತಿದೀನಿ.”

ನನ್ನ ಬಳಿ ಉತ್ತರ ಇರಲಿಲ್ಲ. ಅವರೇ ನಕ್ಕು, “ಲೋಕದಲ್ಲಿ ಜನ ಸಾಯ್ತಿದಾರೆ, ನಂಗೆ ಇದರ ಚಿಂತೆ ನೋಡು” ಎಂದು ಮಾತು ಬದಲಿಸಿದರು.

ಆ ನಗೆಯ ಬಗ್ಗೆ ನನಗೆ ಹೇಳುವುದಿದೆ. ಆ ದಿನಗಳಲ್ಲಿ ಧಾರಾವಾಹಿ ನಿಂತಿತೆಂದು ಬೇಸರಪಟ್ಟವರೆಲ್ಲ ಮೊದಲೊಂದು ಕ್ಷಮೆ ಕೇಳಿಯೇ ಬೇಸರ ಹೇಳಿಕೊಳ್ಳುತ್ತಿದ್ದರು. ಹೆದ್ದಾರಿಗಳಲ್ಲಿ ಕೂಲಿಗಳು ಮಕ್ಕಳನ್ನು ಹೊತ್ತು ನಡೆಯುತ್ತಿದ್ದರು. ಅಂಥ ಹೊತ್ತಲ್ಲಿ ಕಟ್ಟುಕಥೆಯ ಹೆಣ್ಣೊಬ್ಬಳಿಗಾಗಿ ಮರುಗುವುದೆಂದರೆ ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವು ಕೇಳಿದಂತೆಯೇ ಎಂದು ಅವರಿಗೇ ಅನ್ನಿಸಿರಬೇಕು. ಅನ್ನಿಸದಿದ್ದವರಿಗೆ ಮನೆಯ ಗಂಡಸರು ನೆನಪಿಸುತ್ತಿದ್ದರು. (ಇದೇ ಗಂಡಸರು ಆ ವರ್ಷದ ಐಪಿಎಲ್ ಮುಂದೆ ಹೋಯಿತೆಂದು ಪಟ್ಟ ಸಂಕಟಕ್ಕೆ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಇರಲಿ.)

ದುಃಖಗಳನ್ನು ಹೀಗೆ ಸಾಲಾಗಿ ನಿಲ್ಲಿಸಿ ದೊಡ್ಡದಕ್ಕೆ ಮಾತ್ರ ಒಳಗೆ ಬಾ ಎನ್ನುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ವಲಸೆ ಕಾರ್ಮಿಕರಿಗಾಗಿ ಸಂಕಟಪಟ್ಟವರೂ ರಾತ್ರಿ ಟಿವಿ ಮುಂದೆ ಕೂತವರೇ. ಒಂದರಿಂದ ಇನ್ನೊಂದು ಕಡಿಮೆಯಾಗಲಿಲ್ಲ. ಅದಿರಲಿ, ಆ ತಿಂಗಳುಗಳಲ್ಲಿ ಒಂಟಿ ಹೆಂಗಸರ ಮನೆಗೆ ಬಂದುಹೋಗುತ್ತಿದ್ದದ್ದಾದರೂ ಯಾರು? ಪಕ್ಕದ ಮನೆಯವರು ಗೇಟಿನಾಚೆಯೇ ನಿಂತರು, ದೇವಸ್ಥಾನ ಬಾಗಿಲು ಹಾಕಿತು, ಮಗಳ ಮನೆಗೆ ಬಸ್ಸಿಲ್ಲ. ತಪ್ಪದೆ ಬರುತ್ತಿದ್ದ ಮುಖಗಳು ಪರದೆಯ ಮೇಲಿನವು ಮಾತ್ರ. ಅದೂ ಹಳೇ ಕಂತಿನ ಮುಖಗಳಾದವು. ನಿನ್ನೆ ಅತ್ತದ್ದಕ್ಕೆ ಇವತ್ತು ಮತ್ತೆ ಅಳುವ ಮುಖಗಳು. ಆಮೇಲೆ ಅವೂ ಬರಲಿಲ್ಲ. ಕೊನೆಯ ಬಾರಿ ಮುಖ ನೋಡಲು ಬಿಡದೆ ನಮ್ಮ ಹತ್ತಿರದವರನ್ನು ಒಯ್ದ ಕಾಲ ಅದು. ಆ ನೋವಿಗೆ ಇದನ್ನು ಸಮ ಎನ್ನುವ ಹುಚ್ಚು ಯಾರಿಗೂ ಇಲ್ಲ. ಆದರೆ ಹೇಳದೆ ಕೇಳದೆ ಎದ್ದುಹೋಗುವಿಕೆಯ ರುಚಿ ನಾಲಿಗೆಗೆ ಹತ್ತಿದ್ದ ದಿನಗಳಲ್ಲಿ ಇದೂ ಅದೇ ಕಹಿಯಾಗಿ ತಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಇದನ್ನು ಯಾರನ್ನು ಕೇಳಬೇಕು? ಅಂಗಡಿಯಲ್ಲಿ ಕೊಂಡ ಸಾಮಾನು ಕೆಟ್ಟರೆ ಕೇಳಲು ಗಿರಾಕಿಗೆ ಹಕ್ಕಿದೆ. ಪ್ರೇಕ್ಷಕ ಇಲ್ಲಿ ಗಿರಾಕಿಯೇ ಅಲ್ಲ. ಗಿರಾಕಿ ಸೋಪಿನ ಕಂಪನಿ, ಮಸಾಲೆ ಪುಡಿಯ ಕಂಪನಿ. ಅವರಿಗೆ ಚಾನೆಲ್ ಮಾರುವ ಸರಕು ನಾವು. ಸರಕಿನ ತೂಕ ನೋಡುವ ತಕ್ಕಡಿಯೇ ಟಿಆರ್‌ಪಿ. ಬಾರ್ಕ್ ಎಂಬ ಸಂಸ್ಥೆ ಆಯ್ದ ಮನೆಗಳ ಟಿವಿಗೆ ಮೀಟರ್ ಕೂರಿಸುತ್ತದೆ. ಪ್ರಸಾರದ ಸದ್ದಿನೊಳಗೆ ಕಿವಿಗೆ ಕೇಳದಂತೆ ಅಡಗಿಸಿಟ್ಟ ಗುರುತನ್ನು ಆ ಮೀಟರ್ ಹಿಡಿಯುತ್ತದೆ. ಮನೆಯ ಪ್ರತಿಯೊಬ್ಬರಿಗೂ ರಿಮೋಟಿನಲ್ಲಿ ಒಂದೊಂದು ಗುಂಡಿ. ಯಾರು ನೋಡುತ್ತಿದ್ದೀರೋ ಅವರು ಒತ್ತಬೇಕು. ಗುರುವಾರ ಅಂಕಿ ಹೊರಬೀಳುತ್ತದೆ, ಆ ದಿನ ಧಾರಾವಾಹಿ ತಂಡಗಳಿಗೆ ಪರೀಕ್ಷೆಯ ಫಲಿತಾಂಶ. 2020ರ ಹೊತ್ತಿಗೆ ಟಿವಿ ಇರುವ ಮನೆಗಳು ದೇಶದಲ್ಲಿ ಸುಮಾರು 20 ಕೋಟಿ. ಮೀಟರ್ ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಲೆಕ್ಕಶಾಸ್ತ್ರದ ಪ್ರಕಾರ ಅಷ್ಟು ಸಾಕು ಎನ್ನುತ್ತಾರೆ ಬಲ್ಲವರು, ಒಪ್ಪೋಣ. ಆದರೆ ದೊಡ್ಡಮ್ಮನ ಮನೆಯಲ್ಲಿ ಮೀಟರ್ ಇಲ್ಲ. ಅವರು ಹತ್ತಿರ ಎರಡು ವರ್ಷ ಒಂದು ದಿನವೂ ತಪ್ಪದೆ ಕೂತದ್ದೂ, ಕೂರದೆ ಇದ್ದಿದ್ದರೂ, ಆ ಅಂಕಿಗೆ ಒಂದೇ. ಮೀಟರ್ ಇದ್ದರೂ ಅದು ಯಾರು ಕೂತಿದ್ದರು ಎಂದಷ್ಟೇ ಹೇಳುತ್ತದೆ. ತಟ್ಟೆ ತೊಳೆದಿಟ್ಟು ಕೂತವರನ್ನೂ ರಿಮೋಟ್ ಸಿಗದೆ ಕೂತವರನ್ನೂ ಅದು ಬೇರೆ ಮಾಡಲಾರದು.

ಈ ಲೆಕ್ಕವನ್ನು ಒಮ್ಮೆ ಪ್ರೇಕ್ಷಕರೇ ಅಲುಗಾಡಿಸಿದ ಕಥೆ ಅಮೆರಿಕದಲ್ಲಿ ನಡೆದಿದೆ. ಸಿಬಿಎಸ್ ವಾಹಿನಿಯಲ್ಲಿ 2006ರ ಸೆಪ್ಟೆಂಬರ್‌ನಲ್ಲಿ ‘ಜೆರಿಕೊ’ ಎಂಬ ಧಾರಾವಾಹಿ ಶುರುವಾಯಿತು. ಅಮೆರಿಕದ ನಗರಗಳಲ್ಲಿ ಅಣುಬಾಂಬು ಸಿಡಿದಿದೆ. ಕ್ಯಾನ್ಸಸ್ ರಾಜ್ಯದ ಜೆರಿಕೊ ಎಂಬ ಕಲ್ಪಿತ ಪುಟ್ಟ ಊರಿನವರು ದಿಗಂತದಲ್ಲಿ ಅಣಬೆಯಾಕಾರದ ಮೋಡ ನೋಡುತ್ತಾರೆ. ಆಮೇಲೆ ಕರೆಂಟಿಲ್ಲ, ಸುದ್ದಿಯಿಲ್ಲ, ಸರ್ಕಾರ ಇದೆಯೋ ಇಲ್ಲವೋ ಗೊತ್ತಿಲ್ಲ. ಉಪ್ಪು, ಡೀಸೆಲ್, ಜೋಳಕ್ಕಾಗಿ ಪಕ್ಕದ ಊರಿನೊಂದಿಗೇ ಕಾದಾಟ. ಮೊದಲ ಸರಣಿಯ 22ನೇ ಕಂತು 2007ರ ಮೇ 9ರಂದು ಬಂತು. ಪಕ್ಕದೂರಿನ ದಂಡು ಮುತ್ತಿಗೆ ಹಾಕಿದೆ, ಶರಣಾಗು ಎನ್ನುತ್ತಿದೆ. ನಾಯಕ ಜೇಕ್ ಒಂದೇ ಮಾತಿನ ಉತ್ತರ ಕೊಡುತ್ತಾನೆ: “ನಟ್ಸ್.” 1944ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಬಾಸ್ಟೋನ್ ಊರನ್ನು ಜರ್ಮನ್ನರು ಮುತ್ತಿದಾಗ ಅಮೆರಿಕದ ಜನರಲ್ ಮೆಕಾಲಿಫ್ ಶರಣಾಗತಿಯ ಪತ್ರಕ್ಕೆ ಕೊಟ್ಟ ಉತ್ತರ ಅದು. ಗುಂಡಿನ ಸದ್ದು ಶುರುವಾಗುತ್ತದೆ, ಕಂತು ಮುಗಿಯುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಧಾರಾವಾಹಿ ರದ್ದು ಎಂದು ಚಾನೆಲ್ ಸಾರಿತು.

ಅಲ್ಲಿನ ಅಭಿಮಾನಿಗಳು ‘ಹೋಗೋ’ ಎಂಬ ಧಾಟಿಯ ಆ ಮಾತನ್ನೇ ಅಕ್ಷರಶಃ, ಕಾಳುಬೀಜ ಎಂಬ ಅರ್ಥದಲ್ಲಿ ಹಿಡಿದುಕೊಂಡರು. ನ್ಯೂಯಾರ್ಕಿನ ಚಾನೆಲ್ ಕಚೇರಿಗೆ ಕಡಲೆಕಾಯಿ ಕಳಿಸತೊಡಗಿದರು. ಮನೆಯಿಂದ ಒಬ್ಬೊಬ್ಬರೂ ಪೊಟ್ಟಣ ಕಟ್ಟುವುದು ಕಷ್ಟವೆಂದು ನ್ಯೂಜೆರ್ಸಿಯ ಒಬ್ಬ ಕಾಳುಕಡಿ ವ್ಯಾಪಾರಿ ಆರ್ಡರ್ ತೆಗೆದುಕೊಂಡು ಲಾರಿಯಲ್ಲೇ ತುಂಬಿ ಕಳಿಸಿದ. ಒಟ್ಟು 20 ಟನ್ನಿಗೂ ಮೇಲೆ! ನಮ್ಮ ಬಸವನಗುಡಿಯ ಪರಿಷೆ ಬಲ್ಲವರಿಗೆ ಆ ರಾಶಿಯ ಅಂದಾಜು ಸಿಕ್ಕೀತು. ಚಾನೆಲ್ ಸೋತಿತು. ಜೂನ್ 6ರಂದು ಮನರಂಜನಾ ವಿಭಾಗದ ಅಧ್ಯಕ್ಷೆ ನೀನಾ ಟ್ಯಾಸ್ಲರ್ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದರು: ಏಳು ಕಂತು ಕೊಡುತ್ತೇವೆ, ಆದರೆ ಮುಂದುವರಿಯಬೇಕಾದರೆ ನೋಡುವವರು ಇನ್ನೂ ಹೆಚ್ಚಬೇಕು, ಮತ್ತೆ, ದಯವಿಟ್ಟು ಕಡಲೆಕಾಯಿ ಕಳಿಸುವುದನ್ನು ನಿಲ್ಲಿಸಿ.

2008ರ ಫೆಬ್ರವರಿಯಲ್ಲಿ ಏಳು ಕಂತು ಶುರುವಾದವು. ನೋಡುವವರು ಹೆಚ್ಚಲಿಲ್ಲ. ಮಾರ್ಚ್ 25ಕ್ಕೆ ಧಾರಾವಾಹಿ ಎರಡನೇ ಸಲ ಸತ್ತಿತು. ಇದನ್ನು ಓದುವಾಗ ಹಲವರು ಇಷ್ಟಕ್ಕೇ ನಕ್ಕು ಪುಟ ತಿರುಗಿಸುತ್ತಾರೆ. 20 ಟನ್ ಕಡಲೆಕಾಯಿ ನೀರಲ್ಲಿ ಹೋಮ ಮಾಡಿದಂತಾಯಿತು ಎಂದು. ನನಗೆ ಈ ಕಥೆಯಲ್ಲಿ ಮುಖ್ಯವೆನಿಸುವುದು ಆಮೇಲಿನ ಒಂದು ಸಣ್ಣ ಸಂಗತಿ. ಕೊನೆಯ ಕಂತಿಗೆ ತಂಡದವರು ಎರಡು ಮುಕ್ತಾಯ ಚಿತ್ರೀಕರಿಸಿ ಇಟ್ಟಿದ್ದರು. ಧಾರಾವಾಹಿ ಮುಂದುವರಿದರೆ ತೋರಿಸಲು ಒಂದು, ನಿಂತರೆ ತೋರಿಸಲು ಇನ್ನೊಂದು. ನಿಲ್ಲುವುದು ಖಚಿತವಾದ ಮೇಲೆ ಎರಡನೆಯದನ್ನು ತೋರಿಸಿದರು.  ಅಭಿಮಾನಿಗಳು ಸೋತರು ಎನ್ನಬಹುದು. ಕಥೆ ಒಂದು ನೆಲೆ ಮುಟ್ಟಿದ್ದನ್ನು ಕಣ್ಣಾರೆ ಕಂಡ ಸಮಾಧಾನವಾದರೂ ಅವರಿಗೆ ಸಿಕ್ಕಿತೆಂದು ನಾನು ತಿಳಿದಿದ್ದೇನೆ.

ಇಷ್ಟು ಹೇಳಿದ ಮೇಲೆ ಪ್ರೇಕ್ಷಕರ ಎದುರಿಗೂ ಒಂದು ಮಾತು ಆಡಬೇಕು. ಬೇಗ ನಿಂತ ಧಾರಾವಾಹಿಯ ಮೇಲೆ ನಮಗಿರುವ ಪ್ರೀತಿಯಲ್ಲಿ ಸ್ವಲ್ಪ ಭಾಗ ಅದು ಬೇಗ ನಿಂತದ್ದರಿಂದಲೇ ಬಂದದ್ದು. ಸಾವಿರ ಕಂತು ದಾಟಿದ ಧಾರಾವಾಹಿಗಳ ಗತಿ ನೋಡಿ. ಮೊದಲ ವರ್ಷ ಕಥೆ, ಎರಡನೇ ವರ್ಷ ಕಥೆಯ ನೆರಳು, ಮೂರನೇ ವರ್ಷ ಸತ್ತವರು ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ವಾಪಸಾಗುತ್ತಾರೆ. ಸೀಮಂತವೊಂದು ಹದಿನೈದು ದಿನ ನಡೆಯುತ್ತದೆ. ಟಿಆರ್‌ಪಿ ಇದ್ದರೆ ಕಥೆಗೆ ಸಾಯಲೂ ಬಿಡುವುದಿಲ್ಲ. ಹೀಗೆ ಎಳೆದಾಡಿಸಿಕೊಂಡ ಕಥೆಗಾಗಿ ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಯಾವತ್ತು ಮುಗಿಯಿತೆಂದು ನೋಡುತ್ತಿದ್ದವರಿಗೇ ನೆನಪಿರುವುದಿಲ್ಲ. ‘ಮಗಳು ಜಾನಕಿ’ ಇನ್ನೂ ನಾಲ್ಕು ವರ್ಷ ನಡೆದಿದ್ದರೆ? ಸೀತಾರಾಮ್ ಅವರು ಎಳೆಯುವವರಲ್ಲ ಎಂದು ಅಭಿಮಾನಿಗಳು ಹೇಳುತ್ತಾರೆ, ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಆದರೂ ಕೋರ್ಟಿನ ದೃಶ್ಯ ಒಂದು ವಾರ ಮೀರಿದಾಗ ದೊಡ್ಡಮ್ಮನೇ “ಈ ಜಡ್ಜಿಗೆ ಬೇರೆ ಕೆಲಸ ಇಲ್ವಾ” ಎಂದು ಗೊಣಗಿದ್ದುಂಟು. ಆ ಗೊಣಗೆಲ್ಲ ಈಗ ಮರೆತುಹೋಗಿದೆ. ಆದ್ದರಿಂದ ಒಳ್ಳೆಯ ಧಾರಾವಾಹಿ ನಿಲ್ಲಲೇಬಾರದು ಎನ್ನುವ ವಾದಕ್ಕೆ ನನ್ನ ಬೆಂಬಲವಿಲ್ಲ. ಚಾನೆಲ್ ದಾನಕ್ಕೆ ಕೂತಿಲ್ಲ. ಆ ವರ್ಷ ಜಾಹೀರಾತು ಬತ್ತಿತ್ತು, ದಿನಗೂಲಿಯ ಲೈಟ್‌ಬಾಯ್‌ಗಳಿಂದ ಹಿಡಿದು ನಿರ್ಮಾಪಕರವರೆಗೆ ಎಲ್ಲರೂ ಪಡಿಪಾಟಲು ಪಟ್ಟರು. ನಿಲ್ಲಿಸುವುದಕ್ಕೆ ಕಾರಣಗಳಿದ್ದವು.

ನಿಲ್ಲಿಸಿದ ರೀತಿಯಲ್ಲಿ ತಪ್ಪಿದೆ. ನಮ್ಮ ನಾಡಿನಲ್ಲಿ ಕಥೆ ಹೇಳುವವರಿಗೆ ಒಂದು ಮರ್ಯಾದೆ ಇತ್ತು: ಹೇಗೇ ಮುಗಿಸಲಿ, ಮಂಗಳ ಹಾಡದೆ ಏಳುತ್ತಿರಲಿಲ್ಲ. ಕರಾವಳಿಯಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನ ಈಗ ಎಷ್ಟೋ ಕಡೆ ಕಾಲಮಿತಿಗೆ ಬಂದಿದೆ. ಪ್ರಸಂಗಕ್ಕೆ ಕತ್ತರಿ ಬಿದ್ದಿದೆ, ಪದ್ಯಗಳು ಹಾರಿವೆ, ನಡುರಾತ್ರಿಗೆಲ್ಲ ಆಟ ಮುಗಿಯುತ್ತದೆ. ಹಳಬರು ಇದನ್ನು ಬೈಯುತ್ತಾರೆ, ಬೈಯಲಿ. ಆದರೆ ಗಂಟೆ ಹನ್ನೆರಡಾಯಿತೆಂದು ಯುದ್ಧದ ನಡುವೆ ಭಾಗವತರು ಜಾಗಟೆ ಕೆಳಗಿಟ್ಟು ಮನೆಗೆ ಹೋದ ಉದಾಹರಣೆ ಇಲ್ಲ. ಉದ್ದವಿದ್ದದ್ದು ಗಿಡ್ಡವಾಯಿತು, ಮಂಗಳ ಉಳಿಯಿತು.

ಬರೆಯುವವನ ಕೈ ನಿಂತಾಗಲೂ ಕಥೆಯನ್ನು ಬೀದಿಯಲ್ಲಿ ಬಿಟ್ಟ ಪರಂಪರೆ ನಮ್ಮದಲ್ಲ. ಗದುಗಿನ ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನಷ್ಟೇ ಬರೆದ. ಗದಾಪರ್ವಕ್ಕೆ ಅವನ ಕಾವ್ಯ ನಿಲ್ಲುತ್ತದೆ. ಆಮೇಲೆ ವಿಜಯನಗರದ ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಉಳಿದ ಎಂಟು ಪರ್ವಗಳನ್ನು ಬರೆದು ಮುಗಿಸಿದ. ತಿಮ್ಮಣ್ಣ ಕುಮಾರವ್ಯಾಸನ ಎತ್ತರಕ್ಕೆ ಏರಲಿಲ್ಲ; ಗಮಕಿಗಳೂ ಇವತ್ತು ಹೆಚ್ಚಾಗಿ ಮೊದಲ ಹತ್ತನ್ನೇ ಹಾಡುವುದು. ಆದರೂ ಭಾರತ ಕೇಳುವವನಿಗೆ ಯುದ್ಧ ಮುಗಿದ ಮೇಲೆ ಉಳಿದವರ ಗತಿ ಏನಾಯಿತೆಂಬುದನ್ನು ತಿಳಿಯುವ ಹಕ್ಕಿದೆ ಎಂದು ಒಬ್ಬ ಅರಸನಿಗೆ, ಒಬ್ಬ ಕವಿಗೆ ತೋಚಿತಲ್ಲ. ಹತ್ತಿರದ ಕಾಲಕ್ಕೆ ಬಂದರೆ, 1963ರಲ್ಲಿ ತ್ರಿವೇಣಿ ತೀರಿಕೊಂಡಾಗ ‘ಅವಳ ಮನೆ’ ಕಾದಂಬರಿ ಅರ್ಧದಲ್ಲಿತ್ತು. ಎಂ.ಸಿ. ಪದ್ಮಾ ಅದನ್ನು ಪೂರ್ತಿಮಾಡಿದರು. ಇನ್ನೊಬ್ಬರ ಕಥೆಗೆ ಕೈ ಹಾಕುವುದು ಹೆಸರು ತರುವ ಕೆಲಸವಲ್ಲ, ಬೈಗುಳ ತರುವ ಸಂಭವವೇ ಹೆಚ್ಚು. ಓದುಗರ ಮೇಲಿನ ಗೌರವಕ್ಕಾಗಿ ಮಾಡುವ ಕೆಲಸ ಅದು.

ಸಾವು ಅಡ್ಡ ಬಂದ ಕಡೆಯೂ ಹೀಗೆ ನಡೆದಿರುವಾಗ, ನಿರ್ದೇಶಕರು ಇದ್ದು, ನಟನಟಿಯರು ಇದ್ದು, ಮುಂದಿನ ಕಥೆ ಹೇಳುವವರ ತಲೆಯಲ್ಲಿ ಇದ್ದು, ನೋಡುವವರು ಕಾದಿದ್ದೂ ಕಥೆ ಗಾಳಿಯಲ್ಲಿ ಉಳಿಯಿತಲ್ಲ ಎಂಬುದೇ ಕೊರೆಯುವ ಸಂಗತಿ. ಎರಡು ವರ್ಷ ಕಳೆದು 2022ರಲ್ಲಿ ಸೀತಾರಾಮ್ ಸಿರಿ ಕನ್ನಡ ವಾಹಿನಿಗೆ ‘ಮತ್ತೆ ಮಾಯಾಮೃಗ’ ತಂದರು. ಹಳೆಯ ಪಾತ್ರಗಳು ವಯಸ್ಸಾಗಿ ಮರಳಿದವು. ದೊಡ್ಡಮ್ಮ ಅದನ್ನೂ ನೋಡಿದರು, ಚೆನ್ನಾಗಿದೆ ಎಂದರು. ಜಾನಕಿಯ ವಿಷಯ ಕೇಳುವುದನ್ನು ಬಿಟ್ಟಿದ್ದರು. ಮರೆತರೆಂದು ನನಗನ್ನಿಸುವುದಿಲ್ಲ.

ಚಾನೆಲ್‌ನವರು ಹೇಳುವುದು ಗೊತ್ತು: ಕೊನೆಯ ಒಂದು ವಾರ ಶೂಟ್ ಮಾಡಬೇಕೆಂದರೂ ಮನೆ ಬಾಡಿಗೆ, ಕಲಾವಿದರ ಡೇಟ್ಸ್, ಯೂನಿಟ್ಟಿನ ಬಾಟಾ, ಸಂಕಲನ, ಎಲ್ಲಕ್ಕೂ ದುಡ್ಡು ಬೇಕು. ನಷ್ಟದಲ್ಲಿರುವ ಧಾರಾವಾಹಿಗೆ ಅದನ್ನು ಸುರಿಯುವವರು ಯಾರು? ಸರಿ, ಸುರಿಯಬೇಡಿ. ಒಂದು ಕುರ್ಚಿ ಹಾಕಿ, ನಿರ್ದೇಶಕರನ್ನೋ ಕಥೆ ಬರೆದವರನ್ನೋ ಕೂರಿಸಿ, ಒಂದು ಕ್ಯಾಮೆರಾ ಇಡಿ. ಜಾನಕಿಯಂಥವರಿಗೆ ಮುಂದೇನಾಯಿತೆಂದು ಅವರು ತಮ್ಮ ಬಾಯಲ್ಲಿ ಹೇಳಲಿ. ಹರಿಕಥೆ ಕೇಳಿದ ಜನ ನಾವು. ಒಬ್ಬರೇ ಕೂತು ಹೇಳಿದರೂ ಕಣ್ಣಿಗೆ ಕಟ್ಟಿಕೊಳ್ಳುತ್ತೇವೆ. ಇನ್ನು ಮೇಲೆ ಯಾವ ಧಾರಾವಾಹಿಯನ್ನಾದರೂ ನಡುವೆ ನಿಲ್ಲಿಸುವುದಿದ್ದರೆ ನಿಲ್ಲಿಸಿ, ಅದು ನಿಮ್ಮ ವ್ಯವಹಾರ. ಹೋಗುವ ಮುಂಚೆ, ಅದೇ ಹೊತ್ತಿನಲ್ಲಿ, ಅದೇ ಚಾನೆಲ್‌ನಲ್ಲಿ ಒಂದು ಅರ್ಧ ಗಂಟೆ ಕೊಡಿ.